ಮಗು ಯಾರ ಹತ್ತಿರ ಬೆಳೆಯಬೇಕೆಂದು ಅಳೆಯುವ ಕೆಲಸಕ್ಕೆ ಸಮಯ ಕೊಡಿ: ಕಾನೂನು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರಗಳು.

ನಾನು ಬೆಳಗಾವಿಯಲ್ಲಿ ಕೆಲಸ ಮಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಹತ್ತಿರ ಬೆಳೆಯಬೇಕೆಂಬ ವ್ಯಾಜ್ಯ ಕೌಟುಂಬಿಕ ನ್ಯಾಯಾಲಯಕ್ಕೆ ಬಂದಾಗ ನ್ಯಾಯಾಧೀಶರು ಕೆಲವು ಪ್ರಕರಣಗಳಲ್ಲಿ ಮನೋವೈದ್ಯರಿಂದ, ಕ್ಲಿನಿಕಲ್ ಸೈಕಾಲಜಿಸ್ಟರಿಂದ, ನಮ್ಮಂಥವರಿಂದ ವರದಿ ತರಿಸಿಕೊಳ್ಳುತ್ತಾರೆ. ಆ ವರದಿಯ ಮೇಲೆ ಒಂದು ಮಗುವಿನ ಇಡೀ ಬಾಲ್ಯ ನಿಂತಿರುತ್ತದೆ. ಅದನ್ನು ಸರಿಯಾಗಿ ಮಾಡಲು ಬೇಕಾದ ಸಮಯ, ಹಣ, ಜಾಗ ಮೂರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಕೊರತೆಯಿದೆ. ಆ ಕೊರತೆ ನೀಗಿಸುವ ಅಧಿಕಾರ ಕಾನೂನಿನಲ್ಲೇ ನಿಮ್ಮ ಸರ್ಕಾರಕ್ಕಿದೆ. ಅದನ್ನು ಬಳಸಿ ಎಂದು ಕೇಳಲು ಈ ಪತ್ರ. ವಕೀಲರೂ, ವ್ಯಾಜ್ಯದಲ್ಲಿ ಸಿಕ್ಕಿಕೊಂಡ ತಂದೆ ತಾಯಿಯರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕೆಳಗೆ ಬರುವ ಪ್ರಕರಣಗಳಲ್ಲಿ ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಪುಟದ ವರದಿಯೊಂದು ನನ್ನ ಕೈಗೆ ಬಂತು. ಬರೆದವರು ತಾಯಿಯನ್ನೂ ಐದು ವರ್ಷದ ಮಗಳನ್ನೂ ಒಂದೇ ಮಧ್ಯಾಹ್ನ ನೋಡಿದ್ದರು. ತಂದೆ ಮುಂಗೋಪಿ, ಅವನ ಬಳಿ ಮಗು ಸುರಕ್ಷಿತವಲ್ಲ ಎಂದು ಬರೆದು ಸಹಿ ಹಾಕಿದ್ದರು. ತಂದೆಯನ್ನು ಅವರು ನೋಡಿಯೇ ಇರಲಿಲ್ಲ. ಅವನು ನಿಜಕ್ಕೂ ಮುಂಗೋಪಿಯೇ ಇರಬಹುದು, ಅದು ಬೇರೆ ಮಾತು. ಆದರೆ ಕಣ್ಣಾರೆ ನೋಡದವರ ಬಗ್ಗೆ ಅಭಿಪ್ರಾಯ ಬರೆಯಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಕಟ್ಟಳೆ. ಇಂಥ ವರದಿಯಿಂದ ತಾಯಿಗೂ ಒಳ್ಳೆಯದಾಗುವುದಿಲ್ಲ. ಎದುರು ಪಕ್ಷದ ವಕೀಲರು ಪಾಟಿ ಸವಾಲಿನಲ್ಲಿ ಹತ್ತು ನಿಮಿಷದಲ್ಲಿ ಅದನ್ನು ಕೆಡವಿಹಾಕುತ್ತಾರೆ, ಅದರೊಂದಿಗೆ ಅವಳ ನಿಜವಾದ ಭಯವೂ ಸುಳ್ಳಿನಂತೆ ಕಾಣತೊಡಗುತ್ತದೆ.

ಕಾನೂನು ಏನು ಹೇಳುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಂ ಮಗುವಿನ ಹಿತವನ್ನು ಮುಂದಿಡುತ್ತದೆ. ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ನ್ಯಾಯಾಲಯ ಗಮನಿಸಬಹುದು ಎನ್ನುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು, ಅದರ 13ನೇ ಕಲಮಿನ ಪ್ರಕಾರ ಎಲ್ಲಕ್ಕಿಂತ ಮೇಲೆ ಮಗುವಿನ ಹಿತ. ಮಕ್ಕಳು ತಂದೆ ತಾಯಿಯ ಆಸ್ತಿಯಲ್ಲ, ಆಟದ ವಸ್ತುವೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಹಿತ ಎಂದರೆ ಏನು, ಈ ಮಗುವಿಗೆ, ಈ ವಯಸ್ಸಿನಲ್ಲಿ, ಈ ಎರಡು ಮನೆಗಳ ನಡುವೆ ಯಾವುದು ಹಿತ ಎಂಬುದನ್ನು ಮಾತ್ರ ಯಾವ ಕಲಮೂ ಹೇಳಲಾರದು. ಅದನ್ನು ಯಾರಾದರೂ ಹೋಗಿ ನೋಡಿ ಬರಬೇಕು. ಅದಕ್ಕೇ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ 12ನೇ ಕಲಂ ಇದೆ. ವೈದ್ಯಕೀಯ ತಜ್ಞರ, ಕುಟುಂಬ ಕಲ್ಯಾಣದ ಕೆಲಸದಲ್ಲಿ ತೊಡಗಿದವರ ನೆರವನ್ನು ನ್ಯಾಯಾಲಯ ಪಡೆಯಬಹುದು, ಸಿಕ್ಕರೆ ಮಹಿಳೆಗೆ ಆದ್ಯತೆ ಎಂದು ಅದು ಹೇಳುತ್ತದೆ.

ಈಗ ಆ ಕೆಲಸ ಹೇಗೆ ನಡೆಯಬೇಕು ಎಂಬ ಮಾತಿಗೆ ಬರುತ್ತೇನೆ. ಅದು ಗೊತ್ತಿದ್ದರೆ ಎಷ್ಟು ಸಮಯ, ಎಷ್ಟು ಹಣ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ನ್ಯಾಯಾಲಯದ ಲಿಖಿತ ಆದೇಶ ಬೇಕು, ಅದರಲ್ಲಿ ಸ್ಪಷ್ಟ ಪ್ರಶ್ನೆ ಇರಬೇಕು. ‘ಮಗುವಿನ ಕೌನ್ಸೆಲಿಂಗ್ ಮಾಡಿ ವರದಿ ಕೊಡಿ’ ಎಂಬುದು ಪ್ರಶ್ನೆಯಲ್ಲ. ‘ಎರಡು ವರ್ಷದಿಂದ ತಂದೆಯನ್ನು ನೋಡದ ಮಗುವಿಗೆ ಭೇಟಿಯನ್ನು ಹೇಗೆ ಶುರು ಮಾಡುವುದು’, ‘ತಾಯಿಗೆ ಇರುವ ಖಿನ್ನತೆಯಿಂದ ಮಗುವಿನ ಪಾಲನೆಗೆ ತೊಂದರೆ ಆಗುತ್ತಿದೆಯೇ’ ಎಂಬಂಥವು ಪ್ರಶ್ನೆಗಳು. ನೇಮಕವಾಗುವವರು ಎರಡೂ ಪಕ್ಷಕ್ಕೆ ಹೊರಗಿನವರಾಗಿರಬೇಕು. ತಾಯಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಮಗುವಿನ ಥೆರಪಿಸ್ಟ್, ಗಂಡ ಹೆಂಡತಿಯನ್ನು ಕೂಡಿಸಲು ಹೆಣಗಿದ ಆಪ್ತಸಮಾಲೋಚಕರು ಈ ಕೆಲಸಕ್ಕೆ ಸಲ್ಲುವುದಿಲ್ಲ. ನಂಬಿ ಹೇಳಿಕೊಂಡ ದುಃಖವೇ ನಾಳೆ ತನ್ನ ವಿರುದ್ಧ ಸಾಕ್ಷ್ಯವಾಗುತ್ತದೆಂದು ಗೊತ್ತಾದರೆ ಯಾವ ತಾಯಿ ವೈದ್ಯರ ಬಳಿ ಹೋಗುತ್ತಾಳೆ? ಆದ್ದರಿಂದ ನಾನು ಮೊದಲ ದಿನವೇ ಇಬ್ಬರಿಗೂ ಅವರವರ ಭಾಷೆಯಲ್ಲಿ ಹೇಳಿಬಿಡುತ್ತೇನೆ: ಇದು ಚಿಕಿತ್ಸೆಯಲ್ಲ, ನೀವು ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ, ನ್ಯಾಯಾಧೀಶರಿಗೆ ಹೋಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲು ಅದನ್ನು ಓದಿ ಹೇಳುತ್ತೇನೆ, ಹೆಬ್ಬೆಟ್ಟಿನವರಿಗೆ ಎರಡು ಸಲ.

ತಂದೆಯನ್ನೂ ತಾಯಿಯನ್ನೂ ಬೇರೆ ಬೇರೆಯಾಗಿ, ಒಂದಕ್ಕಿಂತ ಹೆಚ್ಚು ಸಲ, ಇಬ್ಬರಿಗೂ ಸಮನಾಗಿ ಸಮಯ ಕೊಟ್ಟು ಮಾತಾಡಿಸಬೇಕು. ಮೊದಲ ಸಲ ಎಲ್ಲರೂ ಎದುರಿನವರ ತಪ್ಪುಗಳನ್ನೇ ಹೇಳುತ್ತಾರೆ. ಅದನ್ನು ಕೇಳಿಸಿಕೊಳ್ಳಬೇಕು, ತಡೆಯಬಾರದು. ಎರಡನೆಯ ಸಲ ನಾನು ಮಗುವಿನ ಬಗ್ಗೆ ಮಾತ್ರ ಕೇಳುತ್ತೇನೆ. ಅದಕ್ಕೆ ಯಾವ ಪಲ್ಯ ಸೇರುವುದಿಲ್ಲ, ಅದರ ಗೆಳೆಯ ಯಾರು, ಯಾವ ಪಾಠ ಕಷ್ಟ, ಕೊನೆಯ ಸಲ ಜ್ವರ ಬಂದದ್ದು ಯಾವಾಗ, ಸಿಟ್ಟು ಬಂದಾಗ ಏನು ಮಾಡುತ್ತದೆ, ಆಗ ನೀವೇನು ಮಾಡುತ್ತೀರಿ. ‘ಮಗನಿಗಾಗಿ ಪ್ರಾಣ ಕೊಡ್ತೀನ್ರಿ’ ಎಂದವರು ಇಲ್ಲಿ ಮಾತಿಲ್ಲದೆ ಕೂತದ್ದನ್ನು ನೋಡಿದ್ದೇನೆ. ಮುಂಗೋಪಿ ಎಂದು ಎಲ್ಲರೂ ಬೈದ ತಂದೆಯೊಬ್ಬ ಮಗಳ ಚಪ್ಪಲಿಯ ಅಳತೆಯಿಂದ ಹಿಡಿದು ಅವಳಿಗೆ ಕತ್ತಲೆಂದರೆ ಎಷ್ಟು ಅಂಜಿಕೆ ಎಂಬವರೆಗೆ ಹೇಳಿದ್ದನ್ನೂ ಕೇಳಿದ್ದೇನೆ. ಎದುರಿನವರ ಒಂದಾದರೂ ಒಳ್ಳೆಯ ಗುಣ ಹೇಳಿ ಎಂಬ ಪ್ರಶ್ನೆಯನ್ನು ಇಬ್ಬರಿಗೂ ಕೇಳುತ್ತೇನೆ. ಮಗು ತನ್ನನ್ನೂ ಪ್ರೀತಿಸಿ, ಅವರನ್ನೂ ಪ್ರೀತಿಸಲು ಈ ಮನುಷ್ಯ ಬಿಡುತ್ತಾನೆಯೇ ಎಂಬುದು ಆ ಉತ್ತರದಲ್ಲಿ ಬಹಳಷ್ಟು ಗೊತ್ತಾಗುತ್ತದೆ.

ಮಗುವಿನ ವಿಷಯಕ್ಕೆ ಬಂದರೆ, ಒಂದು ಪ್ರಶ್ನೆಯನ್ನು ಯಾರೂ ಕೇಳಬಾರದು ಎಂದು ಕೈಮುಗಿದು ಬೇಡುತ್ತೇನೆ. ‘ಯಾರ ಕಡೆ ಇರ್ತೀಯೋ ತಮ್ಮಾ? ಅಪ್ಪನ ಕಡೆನೋ, ಅವ್ವನ ಕಡೆನೋ?’ ಸಂಬಂಧಿಕರು ಕೇಳುತ್ತಾರೆ, ವಕೀಲರು ವರಾಂಡದಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ದ್ರೋಹ ಮಾಡಿದಂತೆ ಎಂದು ಆರು ವರ್ಷದ ಕೂಸಿಗೂ ತಿಳಿಯುತ್ತದೆ. ನಾವು ಮೊದಲ ಭೇಟಿಯಲ್ಲಿ ಬಣ್ಣದ ಪೆನ್ಸಿಲ್, ಮಣ್ಣಿನ ಎತ್ತು, ಗೊಂಬೆ ಕೊಟ್ಟು ಸುಮ್ಮನೆ ಜೊತೆಗೆ ಕೂರುತ್ತೇವೆ. ಆಮೇಲೆ ದಿನಚರಿ ಕೇಳುತ್ತೇವೆ. ‘ಮುಂಜಾನೆ ಯಾರು ಎಬ್ಬಸ್ತಾರ? ಜಳಕ ಯಾರು ಮಾಡಸ್ತಾರ? ಸಾಲಿಗೆ ಯಾರು ಬಿಡ್ತಾರ? ರಾತ್ರಿ ಅಂಜಿಕಿ ಬಂದ್ರ ಯಾರನ್ನ ಕರೀತಿ?’ ಒಂದು ಭೇಟಿಗೆ ತಾಯಿಯ ಮನೆಯಿಂದ, ಇನ್ನೊಂದಕ್ಕೆ ತಂದೆಯ ಮನೆಯಿಂದ ಮಗು ಬರಬೇಕು. ಯಾರ ಕೈಹಿಡಿದು ಬಂತು ಎಂಬುದರ ಮೇಲೆ ಅದರ ಮಾತು ಬದಲಾದರೆ ಅದೂ ಒಂದು ಮಾಹಿತಿ. ಇದಲ್ಲದೆ ಮಗುವನ್ನು ತಂದೆಯ ಜೊತೆ ಒಂದು ತಾಸು, ತಾಯಿಯ ಜೊತೆ ಒಂದು ತಾಸು ಆಡಲು ಬಿಟ್ಟು ದೂರ ಕೂತು ನೋಡಬೇಕು. ಬಿದ್ದಾಗ ಯಾರ ಕಡೆ ಓಡುತ್ತದೆ, ಬೇಡ ಎಂದಾಗ ಹೇಗೆ ಮಣಿಯುತ್ತದೆ, ದೊಡ್ಡವರು ಫೋನ್ ನೋಡುತ್ತ ಕೂರುತ್ತಾರೋ ಮಗುವನ್ನು ನೋಡುತ್ತಾರೋ.

‘ನಮ್ಮಪ್ಪ ಜವಾಬ್ದಾರಿ ಇಲ್ಲದ ಮನಷ್ಯಾ, ನಮ್ಮ ಭವಿಷ್ಯ ಹಾಳ ಮಾಡ್ಯಾನ’ ಎಂದು ಒಂದನೇ ತರಗತಿಯ ಹುಡುಗನೊಬ್ಬ ನನ್ನೆದುರು ಕಂಠಪಾಠದಂತೆ ಒಪ್ಪಿಸಿದ. ಇದು ದೊಡ್ಡವರ ಮಾತು ಎಂದು ತಿಳಿಯಲು ತಜ್ಞರು ಬೇಕಿಲ್ಲ. ತಜ್ಞರು ಬೇಕಾಗುವುದು ಅಲ್ಲಿಂದ ಮುಂದೆ. ತಂದೆಯಿಂದ ದೂರ ಮಾಡಲೆಂದು ತಾಯಿ ಹೇಳಿಕೊಟ್ಟಿರಬಹುದು. ಹೊಡೆತ ತಿಂದ ತಾಯಿ ರಾತ್ರಿ ಫೋನಿನಲ್ಲಿ ತನ್ನ ಅಣ್ಣನ ಮುಂದೆ ಅತ್ತದ್ದನ್ನು ಹುಡುಗ ಕೇಳಿಸಿಕೊಂಡು ಹೇಳಿರಬಹುದು. ಹೊಡೆತವನ್ನು ತಾನೇ ಕಂಡು, ಅದಕ್ಕೆ ಮಾತು ಸಿಗದೆ ಅವ್ವನ ಮಾತನ್ನು ಎರವಲು ಪಡೆದಿರಬಹುದು. ಈ ಮೂರನ್ನೂ ಎದುರಿಗಿಟ್ಟುಕೊಂಡು ಒಂದೊಂದನ್ನೂ ಪರೀಕ್ಷಿಸಬೇಕು. ತಂದೆಯನ್ನು ನೋಡಲು ಒಲ್ಲೆ ಎನ್ನುವ ಪ್ರತಿ ಮಗುವಿಗೂ ‘ತಾಯಿ ತಲೆ ಕೆಡಿಸಿದ್ದಾಳೆ’ ಎಂಬ ಹಣೆಪಟ್ಟಿ ಅಂಟಿಸುವ ಚಾಳಿ ಇತ್ತೀಚೆಗೆ ನಮ್ಮ ಕಡೆಯ ಅರ್ಜಿಗಳಲ್ಲೂ ಕಾಣುತ್ತಿದೆ. ಅಂಥ ಹಣೆಪಟ್ಟಿಯನ್ನು ಅವಸರದಲ್ಲಿ ಹಚ್ಚಬಾರದು, ಹಾಗೆ ಹೇಳಲು ನಿರ್ದಿಷ್ಟ ನಡವಳಿಕೆಯ ಆಧಾರ ಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಎಚ್ಚರಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ಮೌಲ್ಯಮಾಪನ ಅಲ್ಲಿಗೆ ನಿಲ್ಲಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಮೇಲೆ ಕಡ್ಡಾಯ.

ಮನೆ ನೋಡದೆ ವರದಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾ ಒಂದರ ಹೆಣ್ಣುಮಗಳ ವಿರುದ್ಧ ಎದ್ದ ವಾದ ಇದು: ಅವಳು ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಜೊತೆ ಮಹಾರಾಷ್ಟ್ರಕ್ಕೆ ಹೋಗುತ್ತಾಳೆ, ತಿಂಗಳುಗಟ್ಟಲೆ ಮನೆಯಲ್ಲೇ ಇರುವುದಿಲ್ಲ, ತಂದೆಗೆ ಪಟ್ಟಣದಲ್ಲಿ ಎರಡಂತಸ್ತಿನ ಮನೆ ಇದೆ. ಕಾಗದದ ಮೇಲೆ ಪ್ರಕರಣ ಮುಗಿದಂತೆಯೇ ಇತ್ತು. ತಾಂಡಾಕ್ಕೆ ಹೋಗಿ ನೋಡಿದರೆ ಹಂಗಾಮಿನಲ್ಲಿ ಹುಡುಗಿ ಅಜ್ಜಿಯ ಬಳಿ ಇರುತ್ತಾಳೆ, ಹುಟ್ಟಿದಾಗಿನಿಂದ ಅದೇ ಅಜ್ಜಿ, ಅದೇ ಶಾಲೆ. ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳಲ್ಲೂ ಗೈರುಹಾಜರಿ ಕಡಿಮೆ. ಎರಡಂತಸ್ತಿನ ಮನೆಯಲ್ಲಿ ಟೈಲ್ಸ್ ಹಾಕಿದ ಕೋಣೆ ಇತ್ತು, ಹೊಸ ಮಂಚ ಇತ್ತು. ತಂದೆ ಮಾತ್ರ ಕೆಲಸಕ್ಕೆಂದು ಗೋವಾದಲ್ಲಿ ಇರುವವನು. ಅವನಿಗೆ ಒಪ್ಪಿಸಿದ್ದರೆ ಹುಡುಗಿ ನಿಜವಾಗಿ ಬೆಳೆಯಬೇಕಾಗುತ್ತಿದ್ದುದು ಅವಳು ಅಷ್ಟೇನೂ ಕಂಡಿರದ ಚಿಕ್ಕಮ್ಮನ ಕೈಯಲ್ಲಿ. ಆ ಚಿಕ್ಕಮ್ಮನನ್ನು ಅಲ್ಲಿಯವರೆಗೆ ಯಾರೂ ಮಾತಾಡಿಸಿರಲಿಲ್ಲ. ದಿನಾ ಮಗುವಿಗೆ ಉಣಿಸುವವರು ಯಾರೋ ಅವರನ್ನೂ ಅಳೆಯಬೇಕು, ಬರೀ ಅರ್ಜಿ ಹಾಕಿದವರನ್ನಲ್ಲ.

ಮನೆಯಲ್ಲಿ ನಾವು ನೋಡುವುದು ಸಿರಿವಂತಿಕೆಯನ್ನಲ್ಲ. ಮಗು ಎಲ್ಲಿ, ಯಾರ ಪಕ್ಕ ಮಲಗುತ್ತದೆ, ಶೌಚಾಲಯ ಎಲ್ಲಿದೆ, ರಾತ್ರಿ ಮನೆಯಲ್ಲಿ ಕುಡಿಯುವವರು ಇದ್ದಾರೆಯೇ, ಹೊಲದ ಔಷಧಿ ಡಬ್ಬಿ ಮಗುವಿನ ಕೈಗೆಟುಕುವಂತಿದೆಯೇ, ಓದಲು ಒಂದು ಮೂಲೆ ಇದೆಯೇ. ಎದುರಿನವರ ಫೋಟೊ ಮನೆಯಲ್ಲಿ ಉಳಿದಿದೆಯೋ ಹರಿದು ಹಾಕಿದ್ದಾರೋ ಎಂಬುದನ್ನೂ ಗಮನಿಸುತ್ತೇನೆ.

ಶಾಲೆಯ ಅಕ್ಕೋರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಮಗುವಿನ ವೈದ್ಯರು, ಇವರ ಮಾತಿಗೆ ನಾನು ಬೀಗರ ಮಾತಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅವರಿಗೆ ಈ ವ್ಯಾಜ್ಯದಲ್ಲಿ ಗೆಲ್ಲುವುದು ಏನೂ ಇಲ್ಲ. ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ತಾರೀಖುಗಳಿರುತ್ತವೆ, ಪಾಲಕರ ಸಭೆಗೆ ಯಾರು ಬಂದರೆಂಬುದು ಶಾಲೆಯ ದಾಖಲೆಯಲ್ಲಿ ಇರುತ್ತದೆ. ಮಾನಸಿಕ ಪರೀಕ್ಷೆಗಳ ಬಗ್ಗೆ ಒಂದೇ ಮಾತು. ಯಾರು ಒಳ್ಳೆಯ ತಾಯಿ, ಯಾರು ಒಳ್ಳೆಯ ತಂದೆ ಎಂದು ಅಂಕ ಕೊಡುವ ಪರೀಕ್ಷೆ ಜಗತ್ತಿನಲ್ಲಿ ಇಲ್ಲ. ಖಿನ್ನತೆ, ಕುಡಿತ, ಬುದ್ಧಿಮಟ್ಟ ಹೀಗೆ ನಿರ್ದಿಷ್ಟ ಅನುಮಾನವಿದ್ದಾಗ ಅದಕ್ಕೆ ತಕ್ಕ ಪರೀಕ್ಷೆಯನ್ನು ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡಬೇಕು. ಮಗು ಬಿಡಿಸಿದ ಚಿತ್ರದಲ್ಲಿ ಅಪ್ಪ ಸಣ್ಣಗಿದ್ದಾನೆ ಎಂಬುದರಿಂದ ತೀರ್ಮಾನಕ್ಕೆ ಬರುವವರನ್ನು ನ್ಯಾಯಾಲಯ ನಂಬಬಾರದು.

ಅಮೆರಿಕದ ಮನೋವಿಜ್ಞಾನಿಗಳ ಸಂಘ 1994ರಲ್ಲೇ ಈ ಕೆಲಸಕ್ಕೆ ಮಾರ್ಗಸೂಚಿ ಬರೆದು, ಮುಂದೆ ತಿದ್ದುತ್ತ ಬಂದು, 2022ರಲ್ಲಿ ಮತ್ತೆ ಪರಿಷ್ಕರಿಸಿದೆ. ಪಕ್ಷಪಾತ ಬೇಡ, ಒಂದೇ ಮೂಲವನ್ನು ನೆಚ್ಚಬೇಡಿ, ಎರಡು ಪಾತ್ರ ಒಟ್ಟಿಗೆ ವಹಿಸಬೇಡಿ ಎಂಬುದು ಅದರ ತಿರುಳು. ಅಲ್ಲಿನ ಕಾನೂನು ಬೇರೆ, ಕುಟುಂಬ ಬೇರೆ. ಇಲ್ಲಿ ಮಗು ಅಜ್ಜ ಅಜ್ಜಿ, ಕಾಕಾ, ಸೋದರಮಾವಂದಿರ ನಡುವೆ ಬೆಳೆಯುತ್ತದೆ. ಆದರೆ ಆ ಮೂರು ಎಚ್ಚರಗಳು ಅಥಣಿಯಲ್ಲೂ ಸಲ್ಲುತ್ತವೆ, ಬಾದಾಮಿಯಲ್ಲೂ ಸಲ್ಲುತ್ತವೆ. ನಮ್ಮ ನೆಲಕ್ಕೆ ಹೊಂದುವ ಅಂಥ ಮಾರ್ಗಸೂಚಿಯನ್ನು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಎರಡೂ ಮಾನಸಿಕ ಆರೋಗ್ಯ ಸಂಸ್ಥೆಗಳು ಕೂಡಿ ಕನ್ನಡದಲ್ಲಿ ಬರೆದುಕೊಡಬಲ್ಲವು. ಸರ್ಕಾರ ಕೇಳಬೇಕು ಅಷ್ಟೆ.

ವರದಿಯಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರೂ ಬೇರೆ ಬೇರೆಯಾಗಿ ಇರಬೇಕು. ಯಾವುದು ಗೊತ್ತಾಗಲಿಲ್ಲ ಎಂಬುದೂ ಇರಬೇಕು. ಕಸ್ಟಡಿ ಯಾರಿಗೆಂದು ತೀರ್ಪು ಬರೆಯುವುದು ನಮ್ಮ ಕೆಲಸವಲ್ಲ, ಅದು ನ್ಯಾಯಾಧೀಶರದು. ಮಗುವಿನ ಅಗತ್ಯ ಏನು, ಇಬ್ಬರಲ್ಲಿ ಯಾರು ಅದರಲ್ಲಿ ಎಷ್ಟನ್ನು ಪೂರೈಸಬಲ್ಲರು, ಕೊರತೆಯಿದ್ದರೆ ಹೇಗೆ ತುಂಬಬಹುದು ಎಂಬುದು ನಮ್ಮ ಪಾಲಿನದು. ಭೇಟಿಯ ವೇಳಾಪಟ್ಟಿಯನ್ನೂ ನಾವು ಸೂಚಿಸಬಹುದು. ಎರಡು ವರ್ಷದ ಕೂಸಿಗೆ ತಿಂಗಳಿಗೊಮ್ಮೆ ಇಡೀ ದಿನದ ಭೇಟಿಗಿಂತ ವಾರದಲ್ಲಿ ಎರಡು ಸಲ ಒಂದೆರಡು ತಾಸಿನ ಭೇಟಿ ಮೇಲು, ಏಕೆಂದರೆ ಅದರ ನೆನಪು ಅಷ್ಟು ದಿನ ಹಿಡಿದಿಡುವುದಿಲ್ಲ. ಶಾಲೆಯ ಮಗುವಿಗೆ ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಬೇಕು, ಬನಶಂಕರಿ ಜಾತ್ರೆಗೆ ಈ ವರ್ಷ ಯಾರು ಕರೆದೊಯ್ಯಬೇಕು ಎಂಬುದನ್ನೂ ಬರೆದಿಡಬೇಕು. ಸಣ್ಣದು ಎನಿಸುತ್ತದೆ, ಆದರೆ ಪೊಲೀಸ್ ಠಾಣೆಯವರೆಗೆ ಹೋಗುವ ಜಗಳಗಳು ಹುಟ್ಟುವುದು ಇಂಥಲ್ಲೇ. ದೂರದಲ್ಲಿರುವ ತಂದೆಗೆ ಅಥವಾ ತಾಯಿಗೆ ವಿಡಿಯೊ ಕರೆಯ ಮೂಲಕ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ.

ಇಂಥ ವರದಿಗೆ ಎಷ್ಟು ತೂಕ ಇದೆ ಎಂಬುದಕ್ಕೆ 2025ರ ಜುಲೈ ತಿಂಗಳ ಒಂದು ಆದೇಶವನ್ನು ನೆನಪಿಸುತ್ತೇನೆ. ಹುಡುಗನೊಬ್ಬನ ಕಸ್ಟಡಿಯನ್ನು ತಂದೆಗೆ ಒಪ್ಪಿಸಿದ್ದ ತೀರ್ಪನ್ನು ಎತ್ತಿಹಿಡಿದಿದ್ದ ತನ್ನದೇ 2024ರ ಆದೇಶವನ್ನು ಸುಪ್ರೀಂ ಕೋರ್ಟ್ ಮರುಪರಿಶೀಲಿಸಿ, ಮಗುವನ್ನು ತಾಯಿಯ ಬಳಿಯೇ ಉಳಿಸಿತು. 2024ರ ಆದೇಶದ ನಂತರ ಮಗುವಿನ ಮನಸ್ಸು ಹೇಗೆ ಕುಸಿಯಿತು, ತಾಯಿಯಿಂದ ಅಗಲುವ ಆತಂಕ ಎಷ್ಟು ಬಲವಾಗಿತ್ತು ಎಂಬ ಮನೋವಿಜ್ಞಾನಿಗಳ ವರದಿಗಳೇ ಅದಕ್ಕೆ ಕಾರಣವಾದವು. ದೇಶದ ಅತ್ಯುನ್ನತ ನ್ಯಾಯಾಲಯ ತನ್ನ ಮಾತನ್ನು ಬದಲಿಸುವಷ್ಟು ಮಹತ್ವ ಈ ವರದಿಗಳಿಗಿದೆ. ಆದರೆ ಸಿಂದಗಿಯ, ರಾಯಬಾಗದ, ಹುನಗುಂದದ ಒಬ್ಬ ತಾಯಿ ಸುಪ್ರೀಂ ಕೋರ್ಟಿಗೆ ಹೋಗುವುದು ಆಗದ ಮಾತು. ಅವಳ ಮಗುವಿಗೆ ಸರಿಯಾದ ವರದಿ ಸಿಗಬೇಕಾದದ್ದು ಜಿಲ್ಲೆಯ ನ್ಯಾಯಾಲಯದಲ್ಲಿ, ಮೊದಲ ಸಲವೇ.

ನಮ್ಮ ಕಡೆಯ ಸ್ಥಿತಿ ಹೀಗಿದೆ. ವಿಜಯಪುರದಿಂದ ಡಿಮ್ಹಾನ್ಸ್ ಇರುವ ಧಾರವಾಡಕ್ಕೆ ಸುಮಾರು 200 ಕಿಲೋಮೀಟರ್. ತಜ್ಞರ ಅಭಿಪ್ರಾಯಕ್ಕೆಂದು ಮಗುವನ್ನು ಅಷ್ಟು ದೂರ ಕಳಿಸಿದರೆ, ಬೆಳಗಿನ ಬಸ್ಸು ಹಿಡಿದು, ವಾಂತಿ ಮಾಡಿಕೊಂಡು, ಗುರುತಿಲ್ಲದ ಆಸ್ಪತ್ರೆಯಲ್ಲಿ ಸರದಿ ಕಾದು ಕೂತ ಮಗು ಅಲ್ಲಿ ತೋರಿಸುವ ಮುಖ ಅದರ ನಿಜವಾದ ಮುಖವಲ್ಲ. ಭಾಷೆಯದೂ ಒಂದು ತೊಡಕು. ನಿಪ್ಪಾಣಿ, ಖಾನಾಪುರ ಕಡೆಯ ಮಗು ಮನೆಯಲ್ಲಿ ಮರಾಠಿ ಆಡುತ್ತದೆ, ತಾಂಡಾದ ಮಗು ಲಂಬಾಣಿ ಆಡುತ್ತದೆ, ವಿಜಯಪುರ ಪಟ್ಟಣದ ಎಷ್ಟೋ ಮಕ್ಕಳು ಉರ್ದು. ಅಂಜಿಕೆಯನ್ನು ಮಗು ಹೇಳಿಕೊಳ್ಳುವುದು ತಾಯಿನುಡಿಯಲ್ಲಿ. ಅದನ್ನು ಪಕ್ಕದಲ್ಲಿ ಕೂತ ಸಂಬಂಧಿಕರೇ ಅನುವಾದಿಸಿದರೆ ಆ ಹೇಳಿಕೆಗೆ ಬೆಲೆಯಿಲ್ಲ.

ಹಣದ ಮಾತು ಎತ್ತಲು ಸಂಕೋಚವಾಗುತ್ತದೆ, ಆದರೂ ಎತ್ತಲೇಬೇಕು. ನನಗೆ ಗೊತ್ತಿರುವ ಪ್ರಕರಣಗಳಲ್ಲಿ ಶುಲ್ಕವನ್ನು ಕೊಟ್ಟವರು ಪಕ್ಷಗಾರರೇ. ಹೆಚ್ಚಾಗಿ ಗಂಡನೇ ಕೊಡುತ್ತಾನೆ, ಆಗ ಹೆಂಡತಿಗೆ ಆ ವರದಿಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಹುಟ್ಟಬೇಕೆಂದು ಹೇಳುವುದೂ ನ್ಯಾಯವಲ್ಲ. ಇಬ್ಬರೂ ಬಡವರಾದರೆ ಮೌಲ್ಯಮಾಪನವೇ ಆಗುವುದಿಲ್ಲ. ಇದಕ್ಕೆ ಪರಿಹಾರ 1984ರ ಕಾಯ್ದೆಯಲ್ಲೇ ಇದೆ. 12ನೇ ಕಲಮಿನಡಿ ಕರೆಸಿಕೊಳ್ಳುವ ತಜ್ಞರ ಶುಲ್ಕವನ್ನೂ ಪ್ರಯಾಣದ ಖರ್ಚನ್ನೂ ರಾಜ್ಯದ ಬೊಕ್ಕಸದಿಂದ ಕೊಡಲು, ಅದರ ದರ ನಿಗದಿಪಡಿಸಲು 23ನೇ ಕಲಂ ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಹೈಕೋರ್ಟಿನೊಂದಿಗೆ ಸಮಾಲೋಚಿಸಿ ನಿಯಮ ಹೊರಡಿಸಬೇಕು. ಆ ದಾರಿಯಲ್ಲಿ ಶುಲ್ಕ ಪಡೆದ ಒಬ್ಬರನ್ನೂ ನಾನು ನಮ್ಮ ಮೂರು ಜಿಲ್ಲೆಗಳಲ್ಲಿ ಕಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. 23ನೇ ಕಲಮಿನಡಿ ಮಗುವಿನ ಕಸ್ಟಡಿ ಮೌಲ್ಯಮಾಪನಕ್ಕೆಂದೇ ಈಗಿನ ಕಾಲಕ್ಕೆ ಹೊಂದುವ ದರಪಟ್ಟಿಯನ್ನು ಪ್ರಕಟಿಸಿ. ಅದರಲ್ಲಿ ಎರಡೂ ಮನೆಗಳ ಭೇಟಿಯ ಖರ್ಚು, ಭಾಷಾಂತರಕಾರರ ಖರ್ಚು ಸೇರಿರಲಿ. ಜಿಲ್ಲೆಗೊಂದರಂತೆ ತಜ್ಞರ ಪಟ್ಟಿ ಮಾಡಲು ಹೈಕೋರ್ಟನ್ನು ಕೋರಿ. ಮನೋವೈದ್ಯರು, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಅದರಲ್ಲಿರಲಿ. ಯಾವ ಭಾಷೆ ಬಲ್ಲರೆಂಬುದು ಪ್ರತಿ ಹೆಸರಿನ ಎದುರು ನಮೂದಾಗಲಿ. ಪಟ್ಟಿಗೆ ಸೇರುವ ಮೊದಲು ಧಾರವಾಡದಲ್ಲಿ ಕಡ್ಡಾಯ ತರಬೇತಿ ಆಗಲಿ. ಒಂದು ಮೌಲ್ಯಮಾಪನಕ್ಕೆ ಆರರಿಂದ ಎಂಟು ವಾರ ಸಿಗಬೇಕು, ಆ ಅವಧಿಯಲ್ಲಿ ಮಗು ಇಬ್ಬರಲ್ಲಿ ಯಾರಿಂದಲೂ ಕಡಿದು ಹೋಗದಂತೆ ಮಧ್ಯಂತರ ಭೇಟಿ ನಡೆಯಬೇಕು. ಕೌಟುಂಬಿಕ ನ್ಯಾಯಾಲಯದ ಆವರಣದಲ್ಲಿ ಮಕ್ಕಳಿಗೆಂದು ಒಂದು ಕೋಣೆ ಇರಲಿ, ಪೊಲೀಸ್ ಸಮವಸ್ತ್ರ, ಕಪ್ಪು ಕೋಟು ಕಾಣದಂಥ, ಬಾಗಿಲು ಮುಚ್ಚಿಕೊಳ್ಳುವಂಥ ಕೋಣೆ.

ವಕೀಲರಿಗೆ ಒಂದು ಮಾತು. ಮಗುವನ್ನು ಪ್ರತಿ ತಾರೀಖಿಗೂ ಕರೆತನ್ನಿ ಎಂದು ಕಕ್ಷಿದಾರರಿಗೆ ಹೇಳಬೇಡಿ. ಜೀವನಾಂಶದ ಅರ್ಜಿ ಬಂದ ಮರುದಿನವೇ ಒತ್ತಡ ಹೇರಲೆಂದು ಕಸ್ಟಡಿ ಅರ್ಜಿ ಹಾಕಿಸುವುದನ್ನೂ ಬಿಡಿ.

ತಂದೆ ತಾಯಿಯರಿಗೆ ಹೇಳುವುದಿಷ್ಟೇ: ಮೌಲ್ಯಮಾಪನಕ್ಕೆ ಬರುವಾಗ ಮಗುವಿಗೆ ಏನನ್ನೂ ಕಲಿಸಬೇಡಿ. ‘ಏನ್ ಕೇಳಿದ್ರು? ಏನ್ ಹೇಳ್ದಿ?’ ಎಂದು ಹಿಂದಿರುಗುವಾಗ ಕೇಳಬೇಡಿ. ಅದಕ್ಕೆ ಹಸಿವಾಗಿರುತ್ತದೆ, ಉಣ್ಣಿಸಿ.

ಸಚಿವರೇ, ಚಳಿಗಾಲದ ಅಧಿವೇಶನಕ್ಕೆ ನೀವು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬಂದಾಗ, ಉತ್ತರ ಕರ್ನಾಟಕದ ಪ್ರಶ್ನೆಗಳಲ್ಲಿ ಇದನ್ನೂ ಒಂದಾಗಿ ಎತ್ತಿಕೊಳ್ಳಿ ಎಂದು ಕೋರುತ್ತೇನೆ. ಈ ಭಾಗದಲ್ಲಿ ಈ ಕೆಲಸ ಮಾಡುವ ನಾವು ಕೆಲವರು ಕರಡು ದರಪಟ್ಟಿಯನ್ನೂ, ನ್ಯಾಯಾಲಯಗಳು ಬಳಸಬಹುದಾದ ಆದೇಶದ ಮಾದರಿಯನ್ನೂ ಸಿದ್ಧಪಡಿಸುತ್ತಿದ್ದೇವೆ. ನಿಮ್ಮ ಇಲಾಖೆಯಿಂದ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿದರೆ ಅವನ್ನು ಅವರಿಗೇ ತಲುಪಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬೆಳಗಾವಿ